ಸ್ತನದ ಆಪರೇಷನ್ ಆದ ಮೇಲೆ ಕೈ ಉಳಿಸಿಕೊಂಡ ಬಗೆ: ನನ್ನ ಅನುಭವ

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗುವುದು ಎದೆಗೆ. ಆಮೇಲೆ ತಿಂಗಳುಗಟ್ಟಲೆ ಕಾಡುವುದು ಕೈ. ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ (ಕೈಯಿಂದ ಮರಳುವ ನೀರನ್ನು ಸೋಸುವ ಚಿಕ್ಕ ಗಂಟುಗಳು) ತೆಗೆದಿದ್ದರಂತೂ ಹೌದು. ಗಡ್ಡೆ, ಕೀಮೋ, ರೇಡಿಯೇಷನ್ ನೋಡಿಕೊಳ್ಳಲು ವೈದ್ಯರಿದ್ದಾರೆ. ಗಾಯದ ನೀರು ಹೊರಗೆಳೆಯುವ ಕೊಳವೆ, ಅಂದರೆ ಡ್ರೈನ್, ಕಟ್ಟಿಕೊಳ್ಳದಂತೆ ನೋಡುವುದು, ಭುಜ ಹಿಡಿದುಕೊಳ್ಳದಂತೆ ಕಾಯುವುದು, ತೋಳು ಊದತೊಡಗಿದಾಗ ಬೇಗ ಗುರುತಿಸುವುದು ಮಾತ್ರ ಮನೆಯಲ್ಲಿ ನಾವೇ ಮಾಡಬೇಕಾದ ಕೆಲಸ. ನನಗಾಗಿದ್ದು ಒಂದು ಸ್ತನವನ್ನೂ ಆ ಬದಿಯ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಆಪರೇಷನ್. ಜೊತೆಯಲ್ಲೇ ಸ್ತನದ ಮರುರಚನೆಯೂ ಆಗಿದ್ದರೆ ವ್ಯಾಯಾಮದ ಲೆಕ್ಕ ಬೇರೆ, ಅಂಥವರು ಸರ್ಜನ್ ಹಾಕಿಕೊಟ್ಟ ಮಿತಿಯನ್ನು ದಾಟಬಾರದು.

ಮೊದಲ ಕೆಲಸ ಆಪರೇಷನ್‌ಗೆ ಮುಂಚೆಯೇ ಇದೆ. ಎರಡೂ ಕೈಗಳ ಸುತ್ತಳತೆ ಬರೆದಿಡಿ. ನಾನು ಅಳೆಯುವುದು ನಾಲ್ಕು ಜಾಗದಲ್ಲಿ: ಅಂಗೈಯ ಗೆಣ್ಣುಗಳ ಬಳಿ, ಮಣಿಕಟ್ಟು, ಮೊಣಕೈ ಮಡಿಕೆಯಿಂದ 10 ಸೆಂ.ಮೀ. ಕೆಳಗೆ, ಅದೇ ಮಡಿಕೆಯಿಂದ 10 ಸೆಂ.ಮೀ. ಮೇಲೆ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಿ ಗುಳಿ ಬೀಳಿಸಬಾರದು. ಎರಡು ಕೈಗಳು ಒಂದೇ ಸಮ ಇರುವುದು ಅಪರೂಪ, ಹೆಚ್ಚು ಬಳಸುವ ಕೈ ತುಸು ದಪ್ಪಗಿರುತ್ತದೆ. ಹಳೆಯ ಅಳತೆ ಇಲ್ಲದಿದ್ದರೆ ಮುಂದೆ ಕಾಣುವ ಒಂದು ಸೆಂಟಿಮೀಟರ್ ವ್ಯತ್ಯಾಸ ಮೊದಲಿನಿಂದ ಇದ್ದದ್ದೋ ಹೊಸ ಊತವೋ ಎಂದು ಯಾರಿಗೂ ಹೇಳಲಾಗದು. ಗೋಡೆಗೆ ಎದುರಾಗಿ ನಿಂತು ಕೈ ಎಷ್ಟು ಎತ್ತರ ಮುಟ್ಟುತ್ತದೆಂದು ಪೆನ್ಸಿಲ್ ಗೆರೆಯನ್ನೂ ಎಳೆದಿಡಿ. ಮರಳಿ ತಲುಪಬೇಕಾದ ಜಾಗ ಅದು.

ಇನ್ನು ಡ್ರೈನ್. ಸ್ತನ ತೆಗೆದ ಮೇಲೆ ಚರ್ಮದಡಿ ಉಳಿಯುವ ಖಾಲಿ ಜಾಗದಲ್ಲಿ ನೀರು ಸೇರುತ್ತದೆ. ಅದನ್ನು ಹೊರಗೆಳೆಯುವ ಮೆತ್ತನೆಯ ಕೊಳವೆ, ಅದರ ತುದಿಗೊಂದು ಹಿಂಡಿದರೆ ಚಪ್ಪಟೆಯಾಗುವ ಬಲ್ಬು, ಇಷ್ಟೇ ಡ್ರೈನ್. ಕೆಲಸ ಮಾಡುವುದು ಬಲ್ಬಿನ ಎಳೆತ. ಬಲ್ಬು ಉಬ್ಬಿ ದುಂಡಗಾಗಿ ಕೂತರೆ ಎಳೆತ ನಿಂತಿತೆಂದೇ ಅರ್ಥ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ರಾತ್ರಿ ಒಂದೇ ಹೊತ್ತಿಗೆ ಖಾಲಿ ಮಾಡಿದರೆ 24 ಗಂಟೆಯ ಲೆಕ್ಕ ಸರಿಯಾಗಿ ಸಿಗುತ್ತದೆ.

ಸೋಪು ಹಾಕಿ ಕೈ ತೊಳೆದ ಮೇಲೆ ಮೊದಲು ಕೊಳವೆಯನ್ನು ನೀವಬೇಕು, ಬಲ್ಬು ಬಿಚ್ಚುವುದು ಆಮೇಲೆ. ಒಂದು ಕೈಯಿಂದ ಚರ್ಮದ ಹತ್ತಿರ ಕೊಳವೆಯನ್ನು ಗಟ್ಟಿಯಾಗಿ ಹಿಡಿಯಿರಿ, ಎಳೆತ ಹೊಲಿಗೆಯ ಮೇಲೆ ಬೀಳಬಾರದು. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳಿನಿಂದ ಕೊಳವೆ ಚಪ್ಪಟೆಯಾಗುವಂತೆ ಒತ್ತಿ ಬಲ್ಬಿನ ಕಡೆಗೆ ನಿಧಾನವಾಗಿ ಜಾರಿಸಿ. ಹೆಪ್ಪುಗಟ್ಟಿದ ಎಳೆಗಳು ಸರಿದು ಬರುವುದು ಕಣ್ಣಿಗೆ ಕಾಣುತ್ತದೆ. ಎರಡು ಮೂರು ಸಲ ಹೀಗೆ ಮಾಡಿ ಮುಚ್ಚಳ ತೆಗೆದು, ಗೆರೆ ಇರುವ ಅಳತೆ ಲೋಟಕ್ಕೆ ಸುರಿಯಿರಿ. ಎಷ್ಟು ಮಿ.ಲೀ., ಯಾವ ಬಣ್ಣ, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಬಲ್ಬನ್ನು ಪೂರ್ತಿ ಹಿಂಡಿ, ಹಿಂಡಿ ಹಿಡಿದಿರುವಾಗಲೇ ಮುಚ್ಚಳ ಒತ್ತಬೇಕು. ಬಿಟ್ಟು ಮುಚ್ಚಿದರೆ ಎಳೆತವೇ ಇರುವುದಿಲ್ಲ. ಎರಡು ಡ್ರೈನ್ ಇದ್ದರೆ 1, 2 ಎಂದು ಚೀಟಿ ಅಂಟಿಸಿ ಲೆಕ್ಕ ಬೇರೆಬೇರೆ ಇಡಿ, ಏಕೆಂದರೆ ಅವು ಒಂದೇ ದಿನ ಹೊರಬರಬೇಕೆಂದಿಲ್ಲ.

ಬಣ್ಣ ಮೊದಲು ಕೆಂಪು, ಆಮೇಲೆ ಗುಲಾಬಿ, ಕೊನೆಗೆ ತಿಳಿಹಳದಿ. ಸಾಮಾನ್ಯವಾಗಿ 24 ಗಂಟೆಯಲ್ಲಿ ಬರುವುದು 30 ಮಿ.ಲೀ.ಗಿಂತ ಕಡಿಮೆಯಾಗಿ, ಎರಡು ದಿನ ಹಾಗೆಯೇ ಇದ್ದರೆ ಡ್ರೈನ್ ತೆಗೆಯುತ್ತಾರೆ. ಹೆಚ್ಚಿನವರಿಗೆ ಒಂದೆರಡು ವಾರ ಹಿಡಿಯುತ್ತದೆ. ಇಲ್ಲಿ ಮೋಸಹೋಗುವ ಒಂದು ಸಂಗತಿಯಿದೆ. ನಿನ್ನೆ 70 ಮಿ.ಲೀ. ಬಂದದ್ದು ಇವತ್ತು 5 ಎಂದು ಖುಷಿಪಡುವ ಮೊದಲು ಕೊಳವೆ ಹೊರಬರುವ ಜಾಗದ ಬ್ಯಾಂಡೇಜು ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ನೀರು ಕಡಿಮೆಯಾಗಿಲ್ಲ, ಕೊಳವೆ ಕಟ್ಟಿದೆ, ಪಕ್ಕದಿಂದ ಸೋರುತ್ತಿದೆ. ನೀವಿದರೂ ಸರಿಹೋಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಬೇಕು. ಮುಚ್ಚಿದ ಸ್ವಲ್ಪ ಹೊತ್ತಿಗೇ ಬಲ್ಬು ಗಾಳಿಯಿಂದ ಉಬ್ಬಿದರೆ ಮುಚ್ಚಳ ಸಡಿಲವಾಗಿರಬಹುದು, ಇಲ್ಲವೇ ಕೊಳವೆ ಜಾರಿ ಅದರ ತೂತುಗಳು ಚರ್ಮದ ಹೊರಗೆ ಬಂದಿರಬಹುದು. ಎರಡನೆಯದಾದರೆ ಒಳಗೆ ತಳ್ಳಲು ಹೋಗಲೇಬೇಡಿ. ತಿಳಿಯಾಗಿದ್ದ ನೀರು ಮತ್ತೆ ಕಡುಗೆಂಪಾಗಿ ಬಲ್ಬು ಬೇಗಬೇಗ ತುಂಬಿದರೆ, ಕೀವಿನಂತೆ ವಾಸನೆ ಬಂದರೆ, ಗಾಯದ ಸುತ್ತ ಕೆಂಪು ಹಬ್ಬಿದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲೆಂದು ಕಾಯಬೇಡಿ.

ಬಲ್ಬನ್ನು ನೇತಾಡಲು ಬಿಡಬಾರದು. ಉಡುಪಿನ ಒಳಬದಿಗೆ, ಗಾಯಕ್ಕಿಂತ ಕೆಳಗೆ ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿ, ಆದರೆ ಕೊಳವೆ ಮಡಚಿಕೊಳ್ಳದಿರಲಿ. ಸ್ನಾನಕ್ಕೆ ಅನುಮತಿ ಸಿಕ್ಕ ಮೇಲೆ ಕುತ್ತಿಗೆಗೆ ಬಟ್ಟೆಯ ಪಟ್ಟಿ ಹಾಕಿಕೊಂಡು ಅದಕ್ಕೇ ಸಿಕ್ಕಿಸಬಹುದು.

ಡ್ರೈನ್ ತೆಗೆದ ಮೇಲೂ ನೀರು ಸೇರಬಹುದು, ಅದಕ್ಕೆ ಸೆರೋಮಾ ಎನ್ನುತ್ತಾರೆ. ನಡೆದರೆ ಒಳಗೆ ಕುಲುಕಿದಂತಾಗುತ್ತದೆ. ಸ್ವಲ್ಪವಿದ್ದರೆ ದೇಹವೇ ಹೀರಿಕೊಳ್ಳುತ್ತದೆ, ಬಿಗಿದುಕೊಂಡರೆ ವೈದ್ಯರು ಸೂಜಿಯಿಂದ ಎಳೆಯುತ್ತಾರೆ. ಆ ಭಾಗ ಮರಗಟ್ಟಿರುವುದರಿಂದ ಹೆಚ್ಚಾಗಿ ನೋವೇ ತಿಳಿಯುವುದಿಲ್ಲ.

ಮರಗಟ್ಟುವುದಕ್ಕೆ ಕಾರಣ ಕಂಕುಳನ್ನು ಹಾದು ತೋಳಿನ ಒಳಬದಿಗೆ ಹೋಗುವ ಸಂವೇದನೆಯ ನರ. ಗ್ರಂಥಿ ತೆಗೆಯುವಾಗ ಅದು ಎಳೆದುಹೋಗುತ್ತದೆ, ಕೆಲವೊಮ್ಮೆ ಕತ್ತರಿಸಿಹೋಗುತ್ತದೆ. ಮೊದಲು ಜೋಮು, ಆಮೇಲೆ ಉರಿ ಅಥವಾ ಬಟ್ಟೆ ತಾಗಿದರೂ ಚುರುಕು. ಮೆತ್ತನೆಯ ಬಟ್ಟೆಯಿಂದ ದಿನಕ್ಕೆ ಕೆಲವು ನಿಮಿಷ ಹಗುರವಾಗಿ ಸವರಿ, ಕ್ರಮೇಣ ಒರಟು ಬಟ್ಟೆಗೆ ಹೋದರೆ ಚುರುಕು ತಗ್ಗುತ್ತದೆ. ಆ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗದು. ಕಂಕುಳಿನ ಕೂದಲಿಗೆ ಬ್ಲೇಡಿನ ಬದಲು ಎಲೆಕ್ಟ್ರಿಕ್ ಟ್ರಿಮ್ಮರ್ ಸಾಕು.

ಕೈಯ ವ್ಯಾಯಾಮ ಆಪರೇಷನ್ ಆದ ಮರುದಿನವೇ ಶುರು, ಆದರೆ ಮೊದಲ ವಾರ ಅಥವಾ ಡ್ರೈನ್ ಇರುವಷ್ಟು ದಿನ ಮೊಣಕೈ ಭುಜದ ಮಟ್ಟ ದಾಟಬಾರದು. ಹೆಚ್ಚು ಎತ್ತಿದರೆ ನೀರು ಹೆಚ್ಚು ಬರುತ್ತದೆ, ಡ್ರೈನ್ ಉಳಿಯುವ ದಿನಗಳೂ ಹೆಚ್ಚುತ್ತವೆ. ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚಿ ಚಾಚುವುದು, ಭುಜ ಹಿಂದಕ್ಕೆ ತಿರುಗಿಸುವುದು, ಒಂದೊಂದು 10 ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು. ಮಲಗುವಾಗ ಆ ತೋಳಿನಡಿ ದಿಂಬು. ತಲೆ ಬಾಚುವಂಥ ಹಗುರ ಕೆಲಸಗಳಿಗೆ ಅದೇ ಕೈ ಬಳಸಿ. ಕೈಯನ್ನು ಎದೆಗೆ ಒತ್ತಿಕೊಂಡು ಕಾಪಾಡುವ ಅಭ್ಯಾಸವಾದರೆ ಭುಜ ಬೇಗ ಹಿಡಿದುಕೊಳ್ಳುತ್ತದೆ.

ಡ್ರೈನ್ ಹೋದ ಮೇಲೆ ನನಗೆ ಹೆಚ್ಚು ಉಪಯೋಗಕ್ಕೆ ಬಂದವು ಎರಡು. ಒಂದು, ಗೋಡೆ ಹತ್ತುವುದು: ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಹೆಜ್ಜೆ ಹೆಜ್ಜೆಯಾಗಿ ಮೇಲೆ ನಡೆಸಿ, ಎಳೆತ ಸಿಕ್ಕಲ್ಲಿ 5 ಸೆಕೆಂಡು ನಿಂತು, ಬೆರಳುಗಳಲ್ಲೇ ಇಳಿಯುವುದು. ಆಮೇಲೆ ಗೋಡೆಗೆ ಪಕ್ಕವಾಗಿ ನಿಂತು ಅದನ್ನೇ ಮಾಡುವುದು, ಇದು ಹೆಚ್ಚು ಕಷ್ಟ. ಇನ್ನೊಂದು, ಅಂಗಾತ ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಮೇಲಕ್ಕೆ ಒಯ್ಯುವುದು, ಸರಿಯಿರುವ ಕೈ ಇನ್ನೊಂದನ್ನು ಎತ್ತುತ್ತದೆ. ಎರಡೂ 5ರಿಂದ 10 ಸಲ, ದಿನಕ್ಕೆ ಮೂರು ಹೊತ್ತು. ತಪ್ಪಾಗುವುದು ಇಲ್ಲಿ: ಕೈ ಮೇಲೆ ಹೋಗದಿದ್ದಾಗ ಭುಜವನ್ನು ಕಿವಿಯ ಕಡೆಗೆ ಎತ್ತಿ, ಮೈಯನ್ನು ವಾಲಿಸಿ ಗೆರೆ ಮುಟ್ಟಿಬಿಡುತ್ತೇವೆ. ಗೆರೆ ಏರುತ್ತದೆ, ಕೀಲು ಇದ್ದಲ್ಲೇ ಇರುತ್ತದೆ. ಕನ್ನಡಿ ಎದುರು ಮಾಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಎಳೆದಂತಾಗುವುದು ಸರಿ, ಚುಚ್ಚಿದಂತಾದರೆ ನಿಲ್ಲಿಸಬೇಕು.

ಇದಕ್ಕೊಂದು ಗಡುವೂ ಇದೆ. ರೇಡಿಯೇಷನ್ ಕೊಡುವಾಗ ಕೈಯನ್ನು ತಲೆಯ ಮೇಲಿಟ್ಟು ಅಲುಗಾಡದೆ ಮಲಗಬೇಕು, ಕೈ ಅಷ್ಟು ಏರದಿದ್ದರೆ ಚಿಕಿತ್ಸೆಯೇ ತಡವಾಗಬಹುದು. ರೇಡಿಯೇಷನ್ ಮುಗಿದ ಮೇಲೂ ಎದೆಯ ಸ್ನಾಯು ತಿಂಗಳುಗಟ್ಟಲೆ ಬಿಗಿಯುತ್ತಲೇ ಇರುತ್ತದೆ. ಹಾಗಾಗಿ ಕೈ ಪೂರ್ತಿ ಏರಿದ ದಿನ ವ್ಯಾಯಾಮ ಬಿಡಬಾರದು.

ಕೆಲವು ವಾರಗಳ ಮೇಲೆ ಕೈ ಚಾಚಿದಾಗ ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ತಂತಿ ಬಿಗಿದಂತೆ ಎದ್ದರೆ ಅದು ಕಾರ್ಡಿಂಗ್. ಗಡ್ಡೆ ಮರಳಿತೆಂದು ಹೆದರಬೇಡಿ. ಕೈಯನ್ನು ಪಕ್ಕಕ್ಕೆ ಎತ್ತಿ, ಮೊಣಕೈ ನೇರ ಮಾಡಿ, ಎಳೆತ ಹಿಡಿಯುವಲ್ಲಿ ನಿಂತು ಉಸಿರಾಡುವುದೇ ಇದಕ್ಕೆ ಮುಖ್ಯ ಮದ್ದು, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಹೋಗುತ್ತದೆ. ಬೇಕೆಂದೇ ಜಗ್ಗಿ ತುಂಡು ಮಾಡಲು ಹೋಗಬೇಡಿ.

ಕೈ ಬಾವು, ಅಂದರೆ ಲಿಂಫೆಡೀಮಾ, ಎಲ್ಲರಿಗೂ ಬರುವುದಿಲ್ಲ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು 5ರಲ್ಲಿ ಒಬ್ಬರಿಗೆ, ಸೆಂಟಿನೆಲ್ ಗ್ರಂಥಿ (ಗಡ್ಡೆಯ ಕಡೆಯಿಂದ ಬರುವ ನೀರು ಮೊದಲು ತಲುಪುವ ಒಂದೆರಡು ಗ್ರಂಥಿ) ಮಾತ್ರ ತೆಗೆದವರಲ್ಲಿ ಸುಮಾರು 20ರಲ್ಲಿ ಒಬ್ಬರಿಗೆ. ಕಣ್ಣಿಗೆ ಕಾಣುವ ಮೊದಲೇ ಕೈ ಭಾರವೆನಿಸುತ್ತದೆ, ಉಂಗುರ ಬಿಗಿಯುತ್ತದೆ, ಗಡಿಯಾರದ ಪಟ್ಟಿ ಸಂಜೆ ಹೊತ್ತಿಗೆ ಅಚ್ಚು ಮೂಡಿಸುತ್ತದೆ. ತಿಂಗಳಿಗೊಮ್ಮೆ, ದಿನದ ಒಂದೇ ಹೊತ್ತಿನಲ್ಲಿ ಅದೇ ನಾಲ್ಕು ಜಾಗ ಅಳೆಯಿರಿ. ಹಳೆಯ ಅಳತೆಗಿಂತ 2 ಸೆಂ.ಮೀ. ಹೆಚ್ಚಾದರೆ ಊತವೆಂದು ಪರಿಗಣಿಸುತ್ತಾರೆ, ಆದರೆ ಭಾರ ಉಳಿದೇ ಇದ್ದರೆ ಅಷ್ಟಕ್ಕೆ ಕಾಯಬೇಕಿಲ್ಲ. ಶುರುವಿನ ಊತ ಬರೀ ನೀರು, ಇಳಿಯುತ್ತದೆ. ವರ್ಷಗಟ್ಟಲೆ ಬಿಟ್ಟದ್ದು ಗಟ್ಟಿಯಾಗಿ ಕೊಬ್ಬು, ನಾರು ಕಟ್ಟಿಕೊಳ್ಳುತ್ತದೆ.

ಒತ್ತುತೋಳು, ಅಂದರೆ ಊತ ತಡೆಯಲು ಕೈಯನ್ನು ಒತ್ತಿ ಹಿಡಿಯುವ ಬಿಗಿ ಎಲಾಸ್ಟಿಕ್ ತೋಳು (ಕಂಪ್ರೆಷನ್ ಸ್ಲೀವ್), ಅಳತೆ ಕೊಟ್ಟೇ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಕೊಡುವುದು 20ರಿಂದ 30 ಮಿಲಿಮೀಟರ್ ಪಾದರಸದ ಒತ್ತಡದ್ದು. ಬೆಳಿಗ್ಗೆ ಎದ್ದ ಕೂಡಲೇ, ಕೈ ಊದುವ ಮೊದಲು ಹಾಕಿ, ಮಲಗುವಾಗ ತೆಗೆಯಿರಿ. ಮೇಲಿನ ಅಂಚನ್ನು ಮಡಚಬೇಡಿ, ಮಡಿಸಿದ ಅಂಚು ದಾರ ಕಟ್ಟಿದಂತೆ ಬಿಗಿದು ನೀರನ್ನು ಕೆಳಗೇ ನಿಲ್ಲಿಸುತ್ತದೆ. ತೋಳು ಇಳಿದು ಅಂಗೈ ಊದಿದರೆ ಕೈಗವಸೂ ಬೇಕು. ಎರಡು ಜೊತೆ ಇಟ್ಟುಕೊಂಡು ದಿನವೂ ಒಗೆಯಿರಿ. ಸುಮಾರು ಆರು ತಿಂಗಳಿಗೆ ಅದರ ಹಿಡಿತ ಹೋಗುತ್ತದೆ. ಹಾಕಿಕೊಳ್ಳಲು ಸಲೀಸಾಯಿತು ಅನ್ನಿಸಿದರೆ ಹೊಸದು ತೆಗೆದುಕೊಳ್ಳುವ ಕಾಲ ಬಂತು.

ಊತ ಇಳಿಸಲು ಕೈ ನೀವುವುದಾದರೆ ಚರ್ಮ ಸರಿಯುವಷ್ಟೇ ಒತ್ತಡ ಸಾಕು. ಊದಿದ ಕೈಯಿಂದಲ್ಲ, ಇನ್ನೊಂದು ಕಂಕುಳಿನಿಂದಲೂ ಅದೇ ಬದಿಯ ತೊಡೆಸಂದಿನಿಂದಲೂ ಶುರು ಮಾಡಬೇಕು, ನೀರು ಹೋಗುವ ದಾರಿ ಮೊದಲು ತೆರವಾಗಲಿ. ಒಮ್ಮೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮಾಡಿ. ಗಟ್ಟಿಯಾಗಿ ನಾದಿದರೆ ಊತ ಹೆಚ್ಚುತ್ತದೆ. ಚರ್ಮ ಒಡೆಯದಂತೆ ದಿನವೂ ಕ್ರೀಮ್ ಹಚ್ಚಿ, ಗೀರಾದರೆ ತೊಳೆದು ಮುಚ್ಚಿ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅಂದೇ ಆಂಟಿಬಯಾಟಿಕ್ ಬೇಕು, ಅಂಥ ಹೊತ್ತಿನಲ್ಲಿ ನೀವುವುದು ಬೇಡವೇ ಬೇಡ. ಇಂಜೆಕ್ಷನ್, ರಕ್ತದೊತ್ತಡದ ಪಟ್ಟಿ ಆಯ್ಕೆ ಇದ್ದಾಗ ಇನ್ನೊಂದು ಕೈಗಿರಲಿ, ಆದರೆ ತುರ್ತಿನಲ್ಲಿ ಒಂದು ಸೂಜಿ ಚುಚ್ಚಿದರೆಂದು ರಾತ್ರಿ ನಿದ್ದೆ ಕೆಡಬೇಕಿಲ್ಲ.

ಭಾರ ಎತ್ತಲೇಬಾರದು ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಅದನ್ನು ನಂಬಿ ಕೈಯನ್ನು ಸೊರಗಿಸಿಕೊಂಡವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಝಿ ಎಂಬ ವೈದ್ಯರು ಸ್ತನ ಕ್ಯಾನ್ಸರ್ ದಾಟಿದ 24 ಮಹಿಳೆಯರಿಗೆ ತರಬೇತಿ ಕೊಟ್ಟು ಡ್ರ್ಯಾಗನ್ ದೋಣಿಗೆ (ಹಲವರು ಸಾಲಾಗಿ ಕೂತು ನಡೆಸುವ ಉದ್ದನೆಯ ದೋಣಿ) ಹುಟ್ಟು ಹಾಕಿಸಿದರು, ಯಾರಿಗೂ ಹೊಸದಾಗಿ ಕೈ ಬಾವು ಬರಲಿಲ್ಲ. 2009ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥರಿನ್ ಷ್ಮಿಟ್ಸ್ ಮತ್ತು ಸಂಗಡಿಗರು ಈಗಾಗಲೇ ಬಾವು ಇದ್ದ 141 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ವಾರಕ್ಕೆ ಎರಡು ಸಲ ನಿಧಾನವಾಗಿ ಏರಿಸುತ್ತ ಭಾರ ಎತ್ತಿದವರ ಊತ ಹೆಚ್ಚಲಿಲ್ಲ, ಬಾವು ಕೆರಳುವುದು ಕಡಿಮೆಯಾಯಿತು.

ಇಲ್ಲಿ ಕೀಲಿ ಇರುವುದು ‘ನಿಧಾನವಾಗಿ’ ಎಂಬಲ್ಲಿ. ಗಾಯ ಪೂರ್ತಿ ಮಾಗಿ ವೈದ್ಯರು ಒಪ್ಪಿದ ಮೇಲೆ ಅರ್ಧ ಕೆ.ಜಿ.ಯಿಂದ ಶುರು, 10 ಸಲ. ಮರುದಿನ ಕೈ ಭಾರವಾಗದಿದ್ದರೆ, ಎರಡು ಮೂರು ಸರದಿ ಹಾಗೆಯೇ ಇದ್ದರೆ, ಸಿಗುವುದರಲ್ಲಿ ಅತಿ ಚಿಕ್ಕ ಹೆಚ್ಚಳ. ಬಾವು ಇರುವವರು ಒತ್ತುತೋಳು ಹಾಕಿಕೊಂಡೇ ಎತ್ತಬೇಕು. ಒಂದೆರಡು ವಾರ ತಪ್ಪಿದರೆ ಬಿಟ್ಟ ಜಾಗದಿಂದ ಹಿಡಿಯಬೇಡಿ, ತೂಕ ಇಳಿಸಿ ಮತ್ತೆ ಏರಿ. ಅಳತೆ ಬರೆಯುವ ಪುಸ್ತಕದಲ್ಲೇ ಎತ್ತಿದ ತೂಕವನ್ನೂ ಪಕ್ಕದಲ್ಲಿ ಬರೆದಿಟ್ಟರೆ, ಊದಿದ ತಿಂಗಳು ಏನು ಹೆಚ್ಚಾಯಿತೆಂದು ಹುಡುಕುವುದು ಸುಲಭ.