ಗ್ಯಾಸ್ ತುಂಬಿಸುವ ಮುಂಚೆ ‘ಟಕ್’ ಸದ್ದು ಕೇಳಿ

ಕಲಬುರಗಿಯ ಮೇ ತಿಂಗಳು. ಸೇಡಂ ರಸ್ತೆಯಲ್ಲಿ ನನ್ನ 13 ವರ್ಷದ ಕಾರಿನ ಎಸಿ ಕೈಕೊಟ್ಟಿತು. ಗಾಳಿ ಬರುತ್ತಿತ್ತು, ಆದರೆ ಒಲೆಯ ಮುಂದೆ ಕೂತ ಹಾಗೆ! ಗ್ಯಾರೇಜಿನವರು ಒಂದು ಮಾತೂ ಕೇಳದೆ "ಗ್ಯಾಸ್ (ಎಸಿಯನ್ನು ತಣ್ಣಗಾಗಿಸುವ ಅನಿಲ) ಖಾಲಿ ಸರ್" ಅಂದರು. ತುಂಬಿಸಿದೆ. ಎರಡೇ ದಿನಕ್ಕೆ ಮತ್ತೆ ಅದೇ ಕಥೆ.

ಆಮೇಲೆ ನಾನೇ ಬಾನೆಟ್ ಎತ್ತಿದೆ. ನೀವೂ ಹೀಗೆ ಮಾಡಿ. ಎಂಜಿನ್ ಓಡುತ್ತಿರಲಿ, ಬ್ಲೋವರ್ ಹಾಕಿರಲಿ. ಮನೆಯವರಿಗೆ ಎಸಿ ಬಟನ್ ಒತ್ತಲು ಹೇಳಿ, ನೀವು ಕಂಪ್ರೆಸರ್ (ಬೆಲ್ಟಿನಿಂದ ಓಡುವ, ಗ್ಯಾಸನ್ನು ಒತ್ತಿ ತಳ್ಳುವ ಪಂಪು) ನೋಡಿ. ಕೈ, ಟವೆಲ್ಲು ಬೆಲ್ಟಿನಿಂದ ದೂರ ಇರಲಿ. ಪುಲ್ಲಿ ಯಾವಾಗಲೂ ತಿರುಗುತ್ತಲೇ ಇರುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಅದರ ಮುಂದಿನ ಕ್ಲಚ್ ಪ್ಲೇಟ್ ‘ಟಕ್’ ಅಂತ ಅಂಟಿಕೊಂಡು ತಿರುಗಬೇಕು. (ಕೆಲವು ಹೊಸ ಕಾರುಗಳಲ್ಲಿ ಕ್ಲಚ್ಚೇ ಇಲ್ಲ, ಅಲ್ಲಿ ಈ ಉಪಾಯ ನಡೆಯದು.)

ಟಕ್ ಅನ್ನದಿದ್ದರೆ ಎಂಜಿನ್ ಆಫ್ ಮಾಡಿ ಫ್ಯೂಸ್ ನೋಡಿ. ಅದು ಸರಿಯಿದ್ದರೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಪುಟ್ಟ ಸ್ವಿಚ್ಚು ನೋಡಿ. ಎಷ್ಟೋ ಕಾರುಗಳಲ್ಲಿ ಹಾರ್ನಿಗೂ ಎಸಿಗೂ ಒಂದೇ ನಂಬರಿನ ರಿಲೇ ಇರುತ್ತದೆ. ನಂಬರ್ ಹೊಂದಿದರೆ ಅದಲುಬದಲು ಮಾಡಿ. ನಾನು ಮಾಡಿದ್ದೇ ತಡ, ಎಸಿ ತಣ್ಣಗಾಯಿತು, ಹಾರ್ನ್ ಮೂಕವಾಯಿತು. ಸುಮ್ನೆ ಗ್ಯಾಸಿಗೆ ದುಡ್ಡು ಸುರಿದಿದ್ದೆ, ಅಲ್ವಾ?

ರಿಲೇನೂ ಸರಿಯಿದ್ದರೆ ಕ್ಲಚ್ಚಿನ ವೈರಿಗೆ ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟ್ ಬಂದೂ ಪ್ಲೇಟ್ ಅಲುಗದಿದ್ದರೆ ಪ್ಲೇಟನ್ನು ಎಳೆಯುವ ಕಾಯಿಲ್ ಸುಟ್ಟಿದೆ, ಇಲ್ಲವೇ ಪ್ಲೇಟ್ ಸವೆದು ಪುಲ್ಲಿಗೂ ಅದಕ್ಕೂ ನಡುವಿನ ಸಂದು ಜಾಸ್ತಿಯಾಗಿದೆ. ತಣ್ಣಗಿದ್ದಾಗ ಅಂಟಿ, ಕಾದಾಗ ಬಿಟ್ಟರೆ ಮೊದಲು ಸಂದನ್ನೇ ಅನುಮಾನಿಸಿ. ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕು.

ಕರೆಂಟೇ ಬರುತ್ತಿಲ್ಲವೇ? ಈಗ ಗ್ಯಾಸಿನ ಸರದಿ. ಗ್ಯಾಸ್ ಕಡಿಮೆಯಾದರೆ ಪ್ರೆಶರ್ ಸ್ವಿಚ್ ಬೇಕಂತಲೇ ಕಂಪ್ರೆಸರ್ ನಿಲ್ಲಿಸುತ್ತದೆ. ಕಂಪ್ರೆಸರಿಗೆ ಆಯಿಲ್ ಹೊತ್ತು ತರುವುದು ಗ್ಯಾಸೇ. ಸ್ವಿಚ್ಚಿಗೆ ವೈರ್ ಸುತ್ತಿ ಓಡಿಸುವ ಜಾಣರಿದ್ದಾರೆ, ಅವರ ಕಂಪ್ರೆಸರ್ ಜಾಮ್ ಆಗುತ್ತದೆ.

ಒತ್ತಡ ಅಳೆಯುವ ಗೇಜ್ ಹಾಕಿಸಿ. ಎಂಜಿನ್ ಆಫ್ ಮಾಡಿ ನಿಲ್ಲಿಸಿದ ಕಾರಿನಲ್ಲಿ, 30 ಡಿಗ್ರಿ ಬಿಸಿಲಿಗೆ, ಆರ್-134ಎ ಅನ್ನೋ ಎಸಿ ಗ್ಯಾಸ್ ಎರಡೂ ಕಡೆ (ಹೆಚ್ಚು ಒತ್ತಡದ ಪೈಪು, ಕಡಿಮೆ ಒತ್ತಡದ ಪೈಪು) ಹೆಚ್ಚುಕಡಿಮೆ 95 ಪಿಎಸ್ಐ ತೋರಿಸಬೇಕು. ಅಷ್ಟಿದ್ದರೆ ಒಳಗೆ ಗ್ಯಾಸ್ ಇದೆ ಎಂದಷ್ಟೇ ಅರ್ಥ, ಎಷ್ಟಿದೆ ಅಂತಲ್ಲ. ತೀರಾ ಕಡಿಮೆಯಿದ್ದರೆ ಎಲ್ಲೋ ಲೀಕ್ ಇದೆ. ಪೈಪಿನ ಜಾಯಿಂಟು, ಕಂಡೆನ್ಸರ್ ಮೇಲೆ ಜಿಡ್ಡು ಹುಡುಕಿ. ಲೀಕ್ ಮುಚ್ಚಿಸಿ, ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿಸಿ (ಒಳಗಿನ ಗಾಳಿ, ತೇವ ಪಂಪಿನಿಂದ ಎಳೆಸಿ), ಆಮೇಲೆ ಗ್ಯಾಸ್. ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ತಕ್ಕಡಿ ಇಟ್ಟೇ ತುಂಬಿಸಿ ಅನ್ನಿ.