ಪ್ರೆಸ್ ಬಟನ್‌ಗೆ ಚಕ್ಕೆ ಸಿಕ್ಕಿಸೋದು ನಿಂತಿದ್ದು ಹೀಗೆ

ಪೀಣ್ಯದ ನಮ್ಮ ಶೆಡ್‌ನಲ್ಲಿ ತಗಡನ್ನು ಡೈಗೆ (ಅಚ್ಚಿಗೆ) ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗೆ ಎರಡು ಬಟನ್ ಇವೆ, ಎರಡೂ ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಕೈ ಡೈ ಒಳಗೆ ಇರಬಾರದು ಅಂತ. ಆದರೆ ಒಂದು ಬಟನ್‌ಗೆ ಮರದ ಚಕ್ಕೆ ಸಿಕ್ಕಿಸಿ ಒಂದೇ ಕೈಯಲ್ಲಿ ಕೆಲಸ ನಡೀತಿತ್ತು. ಬೈದರೆ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ.

ಆಪರೇಟರ್ ಪಕ್ಕ ನಿಂತು ಕೇಳಿದೆ. "ಸಾರ್, ಬಟನ್ ತುಂಬಾ ಎತ್ತರ, ಮಧ್ಯಾಹ್ನದ ಹೊತ್ತಿಗೆ ಭುಜ ಬಿದ್ದೋಗತ್ತೆ." ನ್ಯಾಯವಾದ ಮಾತೇ ಅಲ್ವಾ? ಬಟನ್‌ಗಳನ್ನು ಮೊಣಕೈ ಮಟ್ಟಕ್ಕೆ ಇಳಿಸಿದೆವು, ಡೈಯಿಂದ ಇರುವ ದೂರ ಮಾತ್ರ ಕಮ್ಮಿ ಮಾಡಲಿಲ್ಲ.

ಜೊತೆಗೆ ಎರಡೂ ಬಟನ್ ಮೇಲೆ ಕಣ್ಣಿಡುವ ಟೂ-ಹ್ಯಾಂಡ್ ಸೇಫ್ಟಿ ರಿಲೇ ಹಾಕಿಸಿದೆವು. ಅರ್ಧ ಸೆಕೆಂಡ್ ಒಳಗೆ ಎರಡೂ ಒತ್ತಬೇಕು, ಎರಡನ್ನೂ ಬಿಟ್ಟ ಮೇಲೇ ಮುಂದಿನ ಸ್ಟ್ರೋಕ್. ಚಕ್ಕೆ ಇಟ್ಟರೆ ಮಿಷಿನ್ ಅಲ್ಲಾಡೋದೇ ಇಲ್ಲ. ರಿಲೇ ಕೊಳ್ಳುವಾಗ, ಎರಡು ಕೈ ಬಟನ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 13851ರ ಟೈಪ್ 3ಸಿ ಅಂತಲೇ ಕೇಳಿ.