ಮ್ಯಾಗ್‌ಪೈ ಕಾಲ ಬಂತು, ತಲೆ ಜೋಪಾನ

ಗಣೇಶನ ಹಬ್ಬ ಹತ್ತಿರ ಬಂತು ಅಂದರೆ ಮೆಲ್ಬರ್ನ್‌ನಲ್ಲಿ ಮ್ಯಾಗ್‌ಪೈ ಹಕ್ಕಿ ತಲೆಗೆ ಕುಕ್ಕುವ ಕಾಲವೂ ಬಂತು ಅಂತಲೇ ಲೆಕ್ಕ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇದರ ಕಾಟ ಜಾಸ್ತಿ. ಹೀಗೆ ಮೇಲಿಂದ ಎರಗುವುದಕ್ಕೆ ಇಲ್ಲಿಯವರು ‘ಸ್ವೂಪಿಂಗ್’ ಅನ್ನುತ್ತಾರೆ. ಹೊಸದಾಗಿ ಬಂದವರು, ಅದರಲ್ಲೂ ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡವರು, ಇದನ್ನು ಓದಿಬಿಡಿ.

ಹಕ್ಕಿಯನ್ನು ಗುರುತಿಸುವುದು ಸುಲಭ. ಗಾತ್ರ ನಮ್ಮ ಊರಿನ ಕಾಗೆಯಷ್ಟು, ಬಣ್ಣ ಕಪ್ಪು-ಬಿಳಿ. ಆದರೆ ಇದು ಕಾಗೆಯ ಕುಲವಲ್ಲ. ಕೊಕ್ಕು ನೀಲಿ ಬೆರೆತ ಬೂದು, ತುದಿ ಮಾತ್ರ ಕಪ್ಪು. ಕಣ್ಣು ಕೆಂಪು-ಕಂದು. ಮೆಲ್ಬರ್ನ್ ಕಡೆ ಗಂಡಿನ ಬೆನ್ನು ಅಚ್ಚ ಬಿಳಿ, ಹೆಣ್ಣಿನದು ಸ್ವಲ್ಪ ಬೂದು. ಕಣ್ಣು ಹಳದಿಯಾಗಿದ್ದರೆ ಅದು ಕರವಾಂಗ್, ಬೇರೆ ಹಕ್ಕಿ.

ವರ್ಷದ ಉಳಿದ ದಿನಗಳಲ್ಲಿ ಇದು ತುಂಬಾ ಸಭ್ಯ. ಹುಲ್ಲಿನ ಮೇಲೆ ನಡೆಯುತ್ತಾ, ತಟ್ಟನೆ ನಿಂತು ತಲೆ ವಾರೆ ಮಾಡುತ್ತದೆ. ಮಣ್ಣಿನೊಳಗೆ ಹುಳ ಸರಿದಾಡುವ ಸದ್ದನ್ನು ಕೇಳಿಸಿಕೊಂಡು, ಕೊಕ್ಕು ಚುಚ್ಚಿ ಎಳೆಯುತ್ತದೆ. ಬೆಳಗ್ಗೆ ಗುಂಪಿನವೆಲ್ಲ ಸೇರಿ ಹಾಡುತ್ತವೆ. ‘ಈ ಜಾಗ ನಮ್ಮದು’ ಎಂದು ಪಕ್ಕದ ಗುಂಪಿಗೆ ಸಾರುವುದೇ ಆ ಹಾಡಿನ ಕೆಲಸ. ಏನೇ ಇರಲಿ, ಕೇಳಲು ಬಲು ಇಂಪು.

ಈ ಕಾಲದ ಕಾಟಕ್ಕೆಲ್ಲ ಕಾರಣ ಗೂಡು. ಅದನ್ನು ಕಟ್ಟುವುದು ಹೆಣ್ಣು. ಎತ್ತರದ ಮರದಲ್ಲಿ ಕಡ್ಡಿ, ಸಿಕ್ಕರೆ ತಂತಿಯನ್ನೂ ಹೆಣೆದು, ಒಳಗೆ ಹುಲ್ಲು, ಕೂದಲು ಹಾಸುತ್ತದೆ. 2ರಿಂದ 5 ಮೊಟ್ಟೆ. ಸುಮಾರು 20 ದಿನ ಕಾವು ಕೊಡುವುದೂ ಹೆಣ್ಣೇ. ಮರಿಗಳು ಗೂಡು ಬಿಡಲು ಇನ್ನೂ ನಾಲ್ಕು ವಾರ ಬೇಕು. ಕಾವಲು ಗಂಡಿನದು, ಎರಗುವುದೂ ಹೆಚ್ಚಾಗಿ ಗಂಡೇ. ಎಲ್ಲ ಗಂಡುಗಳೂ ಹೀಗಲ್ಲ, ಕೆಲವು ಮಾತ್ರ. ಕೆಲವಕ್ಕೆ ಸೈಕಲ್ ಕಂಡರೆ ಆಗದು, ಕೆಲವಕ್ಕೆ ಪೋಸ್ಟ್‌ನವರನ್ನು ಕಂಡರೆ.

ಮುಖ್ಯವಾದ ಮಾತು: ಇದು ಮುಖ ನೆನಪಿಟ್ಟುಕೊಳ್ಳುತ್ತದೆ. ಇವತ್ತು ಕಲ್ಲು ಎಸೆದರೆ ಮುಂದಿನ ವರ್ಷವೂ ನಿಮ್ಮನ್ನೇ ಹುಡುಕಿ ಬರಬಹುದು. ಇಪ್ಪತ್ತು ವರ್ಷ ದಾಟಿ ಬದುಕಬಲ್ಲ ಹಕ್ಕಿ, ಜಾಗವನ್ನೂ ಅಷ್ಟು ಬೇಗ ಬಿಡುವುದಿಲ್ಲ. ಸುಮ್ನೆ ಯಾಕೆ ಹಗೆ ಕಟ್ಟಿಕೊಳ್ಳುವುದು? ಅಲ್ಲದೆ ಕಾನೂನಿನ ರಕ್ಷಣೆ ಇದೆ, ಹಕ್ಕಿಗೆ ಹೊಡೆಯುವುದು, ಗೂಡು ಕೀಳುವುದು ಅಪರಾಧ.

ಎಲ್ಲಕ್ಕಿಂತ ಒಳ್ಳೆಯ ಉಪಾಯ ದಾರಿ ಬದಲಿಸುವುದು. ಗೂಡಿನಿಂದ ನೂರು ಮೀಟರ್ ದೂರ ಹೋದರೆ ಸಾಮಾನ್ಯವಾಗಿ ಸಾಕು. ಆಗದಿದ್ದರೆ ಟೋಪಿ, ತಂಪು ಕನ್ನಡಕ ಹಾಕಿ. ಕಣ್ಣಿಗೆ ಪೆಟ್ಟಾಗುವುದೇ ದೊಡ್ಡ ಅಪಾಯ. ಕೊಡೆ ಬಿಚ್ಚಿ ಹಿಡಿದರೆ ಇನ್ನೂ ಒಳ್ಳೆಯದು. ಓಡಬೇಡಿ, ಕೈ ಬೀಸಬೇಡಿ, ಹಕ್ಕಿಯ ಮೇಲೆ ಕಣ್ಣಿಟ್ಟು ಬೇಗ ಬೇಗ ನಡೆಯಿರಿ. ಸೈಕಲ್, ಸ್ಕೂಟರ್‌ನಲ್ಲಿರುವ ಮಕ್ಕಳಿಗೆ ಇಳಿದು ತಳ್ಳಿಕೊಂಡು ಹೋಗಲು ಹೇಳಿ. 2019ರಲ್ಲಿ ನ್ಯೂ ಸೌತ್ ವೇಲ್ಸ್‌ನ ವೊಲೊಂಗಾಂಗ್ ಬಳಿ ಹಿರಿಯರೊಬ್ಬರು ಮ್ಯಾಗ್‌ಪೈ ತಪ್ಪಿಸಲು ಹೋಗಿ ಸೈಕಲ್‌ನಿಂದ ಬಿದ್ದು ತೀರಿಕೊಂಡರು. ಹೆಲ್ಮೆಟ್ ಮೇಲೆ ಪ್ಲಾಸ್ಟಿಕ್ ಕೇಬಲ್ ಟೈಗಳನ್ನು ಮುಳ್ಳಿನಂತೆ ನಿಲ್ಲಿಸಿಕೊಂಡವರು ಇಲ್ಲಿ ಬೇಕಾದಷ್ಟು ಕಾಣುತ್ತಾರೆ. ಅದನ್ನು ನಂಬಿ ಕೂರಬೇಡಿ.

ವಾಕಿಂಗ್ ಹೋಗುವ ಅಜ್ಜಿ-ತಾತಂದಿರಿಗೆ ಮೊದಲೇ ತಿಳಿಸಿಡಿ. ಕಾಗೆ ತಲೆ ಮುಟ್ಟಿದರೆ ಶನಿಕಾಟ ಎಂದು ಬೆಳೆದವರು ಅವರು. ಪೆಟ್ಟಿಗಿಂತ ಗಾಬರಿಯೇ ಜಾಸ್ತಿಯಾಗುತ್ತದೆ. ಹಿತ್ತಲಲ್ಲಿ ಇದಕ್ಕೆ ಅನ್ನ, ಬ್ರೆಡ್ ಇಡುವುದೂ ಬೇಡ.

ಎಲ್ಲೆಲ್ಲಿ ಕಾಟವಿದೆ ಎಂದು ರಾಜ್ಯ ಸರ್ಕಾರದ ‘ವಿಕ್‌ಸ್ವೂಪ್’ ನಕ್ಷೆಯಲ್ಲಿ ನೋಡಬಹುದು, ನೀವೂ ಸೇರಿಸಬಹುದು. ಶಾಲೆಯ ದಾರಿಯಲ್ಲಿ ಕಾಟ ವಿಪರೀತವಾದರೆ ನಿಮ್ಮ ಕೌನ್ಸಿಲ್‌ಗೆ ಫೋನ್ ಮಾಡಿ. ಮುಂದಿನ ವಾರಗಳಲ್ಲಿ ಬೂದು ಬಣ್ಣದ ಮರಿಯೊಂದು ನೆಲದಲ್ಲಿ ಕುಪ್ಪಳಿಸುತ್ತಾ ಕಿರುಚುತ್ತಿದ್ದರೆ ಎತ್ತಿಕೊಳ್ಳಬೇಡಿ. ಅದು ಹಾರಲು ಕಲಿಯುತ್ತಿರುತ್ತದೆ, ತಂದೆ-ತಾಯಿ ಅಲ್ಲೇ ಇರುತ್ತವೆ. ಗಾಯವಾಗಿದ್ದರೆ ಮಾತ್ರ ಕಾಡುಪ್ರಾಣಿ-ಪಕ್ಷಿಗಳಿಗೆ ನೆರವಾಗುವ ವೈಲ್ಡ್‌ಲೈಫ್ ವಿಕ್ಟೋರಿಯಾ ಸಂಸ್ಥೆಗೆ ತಿಳಿಸಿ.